ಒಂದೇ ಹೆಸರು, ನಾಲ್ಕು ದಾರಿ

ನಮ್ಮ ಕಡೆಯ ಯಾವ ಮದ್ರಸದ ಹಾಜರಿ ಪುಸ್ತಕ ತೆರೆದರೂ ನಾಲ್ಕೈದು ಫಾತಿಮಾ ಇದ್ದೇ ಇರುತ್ತಾರೆ. ಪುಸ್ತಕದಲ್ಲಿ ಫಾತಿಮತ್ ಝೊಹರಾ, ಫಾತಿಮತ್ ಶಬಾನ ಎಂದೆಲ್ಲ ಇರುತ್ತದೆ, ಮನೆಯಲ್ಲಿ ಅಜ್ಜಿ ಕರೆಯುವಾಗ ಎಲ್ಲರೂ ಪಾತುಮ್ಮ. ಪ್ರವಾದಿಯವರ (ಸ) ಮುದ್ದಿನ ಮಗಳ ಹೆಸರು ಎಂದು ಆಸೆಯಿಂದ ಇಡುತ್ತೇವೆ. ಹೆಸರಿಡುವುದು ಒಂದು ದಿನದ ಕೆಲಸ. ಆಮೇಲೆ ಆ ಮಗಳಿಗೆ ಏನು ಕೊಡುತ್ತೇವೆ? ಇದೇ ಹೆಸರಿನ ನಾಲ್ವರ ಬದುಕು ನೋಡಿದರೆ ಉತ್ತರ ಸಿಗುತ್ತದೆ.

ಮೊದಲನೆಯವರು ಫಾತಿಮಾ ಅಲ್ ಫಿಹ್ರಿ. ಟ್ಯುನೀಷಿಯಾದ ಕೈರವಾನ್‌ನಿಂದ ಮೊರೊಕ್ಕೊದ ಫೆಸ್ ನಗರಕ್ಕೆ ಬಂದ ಮನೆತನದವರು. ತಂದೆಯಿಂದ ಬಂದ ಆಸ್ತಿಯನ್ನು ಹಾಕಿ 859ರಲ್ಲಿ ಅವರು ಮಸೀದಿಯೊಂದನ್ನು ಕಟ್ಟಿಸಿದರು ಎಂಬುದು ನೂರಾರು ವರ್ಷಗಳಿಂದ ನಡೆದು ಬಂದ ಮಾತು. ಆ ಮಸೀದಿಯ ಪಾಠದ ಕೂಟಗಳೇ ಬೆಳೆದು ಇವತ್ತಿನ ಅಲ್ ಕರವಿಯ್ಯೀನ್ ವಿಶ್ವವಿದ್ಯಾಲಯವಾಯಿತು.

ಎರಡನೆಯವರು ನಮ್ಮ ನೆರೆಯ ಕೇರಳದವರು. 1927ರಲ್ಲಿ ಪತ್ತನಂತಿಟ್ಟದಲ್ಲಿ ಹುಟ್ಟಿದ ಫಾತಿಮಾ ಬೀವಿ. ವಿಜ್ಞಾನ ಓದಿದ್ದ ಮಗಳಿಗೆ ಕಾನೂನು ಓದು ಎಂದು ಹುರಿದುಂಬಿಸಿದ್ದು ಅವರ ತಂದೆ. 1950ರಲ್ಲಿ ವಕೀಲೆ, 1958ರಲ್ಲಿ ಮುನ್ಸಿಫ್, 1983ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿ. 1989ರ ಅಕ್ಟೋಬರ್ 6ರಂದು ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದರು. ಮುಂದೆ ತಮಿಳುನಾಡಿನ ರಾಜ್ಯಪಾಲರೂ ಆದರು. 2023ರ ನವೆಂಬರ್‌ನಲ್ಲಿ ತೀರಿಕೊಂಡಾಗ ಅವರಿಗೆ 96 ವರ್ಷ.

ಮೂರನೆಯವರು ದಕ್ಷಿಣ ಆಫ್ರಿಕಾದ ಫಾತಿಮಾ ಮೀರ್. ಗುಜರಾತಿ ಮೂಲದ ಕುಟುಂಬ, ಹುಟ್ಟಿದ್ದು 1928ರಲ್ಲಿ ಡರ್ಬನ್‌ನಲ್ಲಿ. ತಂದೆ 'ಇಂಡಿಯನ್ ವ್ಯೂಸ್' ಪತ್ರಿಕೆಯ ಸಂಪಾದಕರು. ಮಗಳು ಎಳೆ ಪ್ರಾಯದಲ್ಲೇ ಆ ಪತ್ರಿಕೆ ಕೆಲಸಕ್ಕೆ ಕೈ ಹಾಕಿದವಳು. 1946ರಲ್ಲಿ ಭಾರತೀಯರ ಜಮೀನಿನ ಹಕ್ಕು ಕಿತ್ತುಕೊಳ್ಳುವ ಕಾನೂನು ಬಂದಾಗ, ಹದಿನೇಳರ ಈ ಹುಡುಗಿ ಸತ್ಯಾಗ್ರಹಕ್ಕೆ ಇಳಿದಳು. ಮುಂದೆ ಸಮಾಜಶಾಸ್ತ್ರದ ಪ್ರೊಫೆಸರ್ ಆದರು, ಸರಕಾರದ ನಿರ್ಬಂಧ, ಬಂಧನ ಎಲ್ಲ ಸಹಿಸಿದರು. ನೆಲ್ಸನ್ ಮಂಡೇಲಾರ ಜೀವನಚರಿತ್ರೆಯನ್ನೂ ಬರೆದರು.

ನಾಲ್ಕನೆಯವರ ಕತೆ ಬೇರೆಯೇ. 1961ರಲ್ಲಿ ಲಂಡನ್‌ನಲ್ಲಿ ಹುಟ್ಟಿದ ಈ ಫಾತಿಮಾಳನ್ನು ಹಸುಗೂಸಿರುವಾಗಲೇ ಹೆತ್ತವರು ಬಿಟ್ಟು ಹೋದರು. ಬೆಳೆದದ್ದು ಅನಾಥಾಲಯಗಳಲ್ಲಿ. ಜಾವೆಲಿನ್ ತರಬೇತಿ ಕೊಡುತ್ತಿದ್ದ ಮಾರ್ಗರೆಟ್ ವಿಟ್‌ಬ್ರೆಡ್ ಎಂಬ ಮಹಿಳೆ ಅವಳನ್ನು ಮಗಳಾಗಿ ಮನೆಗೆ ಕರೆದುಕೊಂಡರು. 1986ರಲ್ಲಿ ಫಾತಿಮಾ ವಿಟ್‌ಬ್ರೆಡ್ 77.44 ಮೀಟರ್ ದೂರ ಎಸೆದು ವಿಶ್ವದಾಖಲೆ ಮಾಡಿದರು. ಮರುವರ್ಷ ರೋಮ್‌ನಲ್ಲಿ ವಿಶ್ವ ಚಾಂಪಿಯನ್.

ಹೆಸರು ಒಂದೇ, ದೇಶ ಬೇರೆ, ಕೆಲಸ ಬೇರೆ. ನಾಲ್ವರೂ ಕಷ್ಟಪಟ್ಟು ಮೇಲೆ ಬಂದವರೇ. ಆದರೆ ಪ್ರತಿಯೊಬ್ಬರ ಹಿಂದೆಯೂ ಏನಾದರೊಂದು ಕೊಟ್ಟವರು ಇದ್ದರು. ಒಬ್ಬ ತಂದೆಯಿಂದ ಆಸ್ತಿ ಬಂತು, ಇನ್ನೊಬ್ಬ ತಂದೆ ದಾರಿ ತೋರಿಸಿದರು, ಮತ್ತೊಬ್ಬರು ಪತ್ರಿಕೆ ಕೆಲಸದಲ್ಲಿ ಜಾಗ ಕೊಟ್ಟರು. ಹೆರದ ತಾಯಿಯೊಬ್ಬಳು ಮನೆಯನ್ನೇ ಕೊಟ್ಟಳು.

ನಮ್ಮ ಹೆಣ್ಣುಮಕ್ಕಳು ಈಗ ಚೆನ್ನಾಗಿಯೇ ಓದುತ್ತಿದ್ದಾರೆ. ಆದರೂ ಪಿಯುಸಿ ಆಯಿತಲ್ಲ, ಇನ್ನು ಸಾಕು ಎನ್ನುವ ಮನೆಗಳು ಇನ್ನೂ ಇವೆ. ನಿಮ್ಮ ಮನೆಯ ಪಾತುಮ್ಮನಿಗೂ ಒಂದು ಆಸೆ ಇರಬಹುದು. ಇವತ್ತು ರಾತ್ರಿ ಊಟಕ್ಕೆ ಕೂತಾಗ ಒಮ್ಮೆ ಕೇಳಿ ನೋಡಿ: 'ಮುಂದೆ ನೀನು ಏನು ಓದುತ್ತಿ ಮಗಳೇ?'