ರೊಕ್ಕಕ್ಕಾಗಿ ನಿಕಾಹ್ ಬೇಡ: ಓದುವ ಮಕ್ಕಳ ಶಾದಿಯ ಬಗ್ಗೆ

ಈ ಸಲದ ಜುಮಾ ಖುತ್ಬಾದ ವಿಷಯ ನಿಕಾಹ್ ಆಗಿತ್ತು. ನಮಾಜ್ ಮುಗಿದ ಮೇಲೆ ಬನಹಟ್ಟಿಯ ಮಗ್ಗದ ಕೆಲಸದ ತಂದೆಯೊಬ್ಬರು ನಮ್ಮನ್ನು ನಿಲ್ಲಿಸಿ ಕೇಳಿದರು: "ಮಗಳು ಪಿಯುಸಿ ಎರಡನೇ ವರ್ಷ ಓದಾಕತ್ತಾಳ್ರಿ. ಹದಿನೆಂಟು ತುಂಬೇತಿ. ಸಾಮೂಹಿಕ ಶಾದಿಯೊಳಗ ಮಾಡಿದ್ರ ಖರ್ಚು ಇಲ್ಲ, ಭಾಗ್ಯಲಕ್ಷ್ಮಿ ರೊಕ್ಕಾನೂ ಬರತೈತಿ. ಹುಡುಗ ಇನ್ನಾ ಕಾಲೇಜಿನ್ಯಾಗ ಅದಾನ. ಈಗ ಮುಗಿಸಿಬಿಡಲೇನ್ರಿ?" ಜಮಖಂಡಿ, ಮುಧೋಳ, ಬೀಳಗಿಯ ಮನೆಗಳಲ್ಲೂ ಇದೇ ಲೆಕ್ಕ ನಡೆಯುತ್ತದೆ. ಆದ್ದರಿಂದ ಖುತ್ಬಾದ ಸಾರಾಂಶದ ಜೊತೆಗೆ ಆ ತಂದೆಗೆ ಕೊಟ್ಟ ಉತ್ತರವನ್ನೂ ಇಲ್ಲಿ ಬರೆಯುತ್ತಿದ್ದೇವೆ.

ಎರಡು ವಚನಗಳನ್ನು ಕೂಡಿಸಿ ಓದೋಣ

ಸೂರಾ ಅನ್ನೂರ್‌ನ 32ನೆಯ ವಚನವನ್ನು ನಾವು ಶಾದಿಯ ಮಾತುಕತೆಯಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ನಿಕಾಹ್ ಆಗುವವರು ಬಡವರಾಗಿದ್ದರೆ ಅಲ್ಲಾಹನು ತನ್ನ ಅನುಗ್ರಹದಿಂದ ಅವರಿಗೆ ಅನುಕೂಲ ಮಾಡಿಕೊಡುವನೆಂಬ ಭರವಸೆ ಅಲ್ಲಿದೆ. ಆದರೆ ಅದರ ಮುಂದಿನ 33ನೆಯ ವಚನವನ್ನು ಮರೆತುಬಿಡುತ್ತೇವೆ. ನಿಕಾಹ್‌ಗೆ ಅನುಕೂಲವಿಲ್ಲದವರು ಅಲ್ಲಾಹನು ಅನುಕೂಲ ಕೊಡುವವರೆಗೆ ಶೀಲ ಕಾಯ್ದುಕೊಂಡು ತಾಳ್ಮೆಯಿಂದಿರಬೇಕು ಎಂದು ಅದು ತಿಳಿಸುತ್ತದೆ. ಪ್ರವಾದಿ(ಸ)ರೂ ಯುವಕರಿಗೆ ಇದನ್ನೇ ಕಲಿಸಿದರು: ಶಕ್ತಿಯುಳ್ಳವನು ನಿಕಾಹ್ ಆಗಲಿ, ಶಕ್ತಿಯಿಲ್ಲದವನು ಉಪವಾಸ ಹಿಡಿಯಲಿ. ಬುಖಾರಿ ಮತ್ತು ಮುಸ್ಲಿಂ ಹದೀಸ್ ಸಂಗ್ರಹಗಳೆರಡರಲ್ಲೂ ಇದು ಇದೆ.

ಹಾಗಾದರೆ ಬಡವನಿಗೆ ನಿಕಾಹ್ ಇಲ್ಲವೇ? ಖಂಡಿತ ಇದೆ. ಮೆಹರ್‌ಗೆ ಕಬ್ಬಿಣದ ಉಂಗುರವೂ ಸಿಗದ ಒಬ್ಬರಿಗೆ ಪ್ರವಾದಿ(ಸ)ರು ಅವರು ಬಲ್ಲ ಕುರ್‌ಆನ್ ಭಾಗದ ಮೇಲೆಯೇ ನಿಕಾಹ್ ಮಾಡಿಸಿದರು. ಆದರೆ ಆ ಬಡವರು ಹೆಣ್ಣಿನ ಮನೆಯಿಂದ ಏನನ್ನೂ ಕೇಳಲಿಲ್ಲ ಎಂಬುದನ್ನು ಗಮನಿಸಿ. ಬಡತನದಲ್ಲಿ ನಿಕಾಹ್ ಆಗುವುದು ಬೇರೆ, ಬಡತನ ನೀಗಲೆಂದು ನಿಕಾಹ್ ಆಗುವುದು ಬೇರೆ.

ಆ ಹಣ ಯಾರದು, ಯಾಕೆ ಬಂತು?

ನಮ್ಮ ರಾಜ್ಯದಲ್ಲಿ ಶಾದಿಗೆ ಸರಕಾರದ ಸಹಾಯ ಹೊಸದಲ್ಲ. 2013ರಲ್ಲಿ ಅಲ್ಪಸಂಖ್ಯಾತ ಸಮುದಾಯದ ಬಡ ಹೆಣ್ಣುಮಕ್ಕಳಿಗಾಗಿ 'ಬಿದಾಯಿ' ಯೋಜನೆ ಬಂತು. ಅದರ ಮೊತ್ತ 50,000 ರೂಪಾಯಿ. ಅರ್ಜಿ ಹಾಕಿ ಬಹಳ ದಿನ ಕಾದವರೂ ಇದ್ದರು. ಹಣ ಬರುತ್ತದೆಂದು ಸಾಲ ಮಾಡಿದವರಿಗೆ ಬಡ್ಡಿಯೇ ಭಾರವಾಯಿತು. ನೋಂದಾಯಿತ ಕಟ್ಟಡ ಕಾರ್ಮಿಕರಿಗೆ ಅವರ ಕಲ್ಯಾಣ ಮಂಡಳಿಯಿಂದ ಮದುವೆಯ ಸಹಾಯಧನ ಇದೆ. ಅದೇ ಮಂಡಳಿಯಿಂದ ಮಕ್ಕಳ ಓದಿಗೂ ಸಹಾಯಧನ ಇದೆ. ಮೊದಲನೆಯದನ್ನು ಕೇಳುವವರು ಎರಡನೆಯದನ್ನೂ ವಿಚಾರಿಸಬೇಕು.

ಇನ್ನು ಭಾಗ್ಯಲಕ್ಷ್ಮಿ. 2006ರಲ್ಲಿ ಆರಂಭವಾದ ಈ ಯೋಜನೆಯ ಮೊದಲ ಹೆಣ್ಣುಮಕ್ಕಳಿಗೆ 2024ರಲ್ಲಿ ಹದಿನೆಂಟು ತುಂಬಿತು. ಅದರ ಷರತ್ತುಗಳನ್ನು ನೆನಪಿಸಿಕೊಳ್ಳಿ: ಹುಡುಗಿ ಕನಿಷ್ಠ ಎಂಟನೇ ತರಗತಿವರೆಗೆ ಓದಿರಬೇಕು, ದುಡಿಮೆಗೆ ಹೋಗಿರಬಾರದು, ಹದಿನೆಂಟಕ್ಕೆ ಮೊದಲು ಮದುವೆ ಆಗಿರಬಾರದು. ಬೇಗ ಶಾದಿ ಮಾಡದೆ ಓದಿಸಿದ್ದಕ್ಕೆ ಸಿಕ್ಕ ಹಣ ಅದು. ಅದನ್ನೇ ಓದು ಬಿಡಿಸಿ ಶಾದಿ ಮಾಡಲು ಬಳಸಿದರೆ ಅದರ ಉದ್ದೇಶವನ್ನೇ ತಲೆಕೆಳಗು ಮಾಡಿದಂತೆ. ಮೇಲಾಗಿ ಅದು ಮಗಳ ಹೆಸರಿನ ಹಣ. ತಂದೆಯ ಕೈಯಲ್ಲಿ ಅದು ಅಮಾನತ್.

ಬಟವಾಡೆಯ ಲೆಕ್ಕ

ನಿಕಾಹ್ ಆದ ದಿನದಿಂದ ಹೆಂಡತಿಯ ಊಟ, ಬಟ್ಟೆ, ವಸತಿ ಗಂಡನ ಹೊಣೆ. ಇದಕ್ಕೆ ಶರೀಅತ್‌ನಲ್ಲಿ ನಫಕಾ ಎನ್ನುತ್ತಾರೆ. ಸಹಾಯಧನ ಬರುವುದು ಒಮ್ಮೆ. ನಫಕಾ ಬೇಕಾಗುವುದು ಪ್ರತಿ ದಿನ. ವಾರದ ಬಟವಾಡೆಯಲ್ಲಿ ಮನೆ ನಡೆಸುವ ರಬಕವಿಯ ನೇಕಾರರಿಗೂ, ಕಬ್ಬಿನ ಬಿಲ್ಲಿಗಾಗಿ ಕಾಯುವ ಮುಧೋಳದ ರೈತರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆಲಮಟ್ಟಿ ಹಿನ್ನೀರಿಗೆ ಹೊಲ ಕೊಟ್ಟ ಬೀಳಗಿ ಕಡೆಯ ಹಿರಿಯರನ್ನು ಕೇಳಿ, ಒಮ್ಮೆಗೇ ಬಂದ ಪರಿಹಾರದ ಹಣ ಎಷ್ಟು ದಿನ ಬಾಳಿತೆಂದು ಅವರೇ ಹೇಳುತ್ತಾರೆ. ಕಾಲೇಜಿನಲ್ಲಿರುವ ಹುಡುಗನಿಗೆ ಬಟವಾಡೆ ಇಲ್ಲ. ಅವನ ಹೆಂಡತಿಯ ನಫಕಾ ಅವನ ತಂದೆಯ ತಲೆಯ ಮೇಲೆ ಬೀಳುತ್ತದೆ, ಮಾತು ಕೇಳುವುದು ಸೊಸೆಯ ಪಾಲಿಗೆ ಬರುತ್ತದೆ.

ಇನ್ನೊಂದು ಕೆಟ್ಟ ರೂಢಿಯಿದೆ. ಹುಡುಗನ ಬಿ.ಎಡ್. ಅಥವಾ ಇಂಜಿನಿಯರಿಂಗ್ ಫೀಯನ್ನು ಮಾವ ಕಟ್ಟಲಿ ಎಂಬ ಮಾತು. ಜಹೇಜ್ ಎನ್ನಿ, ಓದಿನ ಖರ್ಚು ಎನ್ನಿ, ಕೇಳಿ ಪಡೆದದ್ದು ವರದಕ್ಷಿಣೆಯೇ. 1961ರ ಕಾಯ್ದೆಯಲ್ಲಿ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಸೂರಾ ಅನ್ನಿಸಾದ 4ನೆಯ ವಚನ ಗಂಡಿಗೆ ಮೆಹರ್ ಕೊಡಲು ಆಜ್ಞಾಪಿಸುತ್ತದೆ. ನಾವು ಆ ಕೈಯನ್ನೇ ತಿರುಗಿಸಿ ಚಾಚುತ್ತಿದ್ದೇವೆ.

ಹುಡುಗಿಗೆ 18, ಹುಡುಗನಿಗೆ 21 ತುಂಬದ ಶಾದಿಯ ಮಾತೇ ಬೇಡ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯಂತೆ ಅದನ್ನು ನಡೆಸಿಕೊಟ್ಟವರಿಗೂ ಶಿಕ್ಷೆಯಿದೆ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಕಾನೂನಿನಲ್ಲಿ ಅಸಿಂಧು.

ಏನು ಮಾಡಬೇಕು?

ಓದಿನ ಖರ್ಚೇ ಚಿಂತೆಯಾಗಿದ್ದರೆ ಮೊದಲು ಓದಿನ ದಾರಿಗಳನ್ನು ನೋಡೋಣ. ಅಲ್ಪಸಂಖ್ಯಾತರ ವಿದ್ಯಾರ್ಥಿವೇತನವಿದೆ. ವೃತ್ತಿಪರ ಕೋರ್ಸುಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲವಿದೆ. 2023ರ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ. ಹಳ್ಳಿಯ ಹುಡುಗಿ ಜಮಖಂಡಿಯ ಕಾಲೇಜಿಗೆ ಹೋಗಿಬರಲು ಬಸ್ ಖರ್ಚು ಈಗ ನೆಪವಾಗದು.

ಒಳ್ಳೆಯ ಸಂಬಂಧ ಬಂದಿದೆ, ಹುಡುಗ ದುಡಿಯುತ್ತಾನೆ, ಇಬ್ಬರಿಗೂ ಒಪ್ಪಿಗೆಯಿದೆ ಎಂದಾದರೆ ಆಡಂಬರಕ್ಕಾಗಿ ತಡಮಾಡುವುದೂ ತಪ್ಪು. ಸರಳವಾಗಿ ಮಾಡಿ. ಸಾಮೂಹಿಕ ಶಾದಿಯೂ ಒಳ್ಳೆಯದೇ. ಮಗಳ ಓದು ಮುಂದುವರಿಯಬೇಕೆಂಬ ಷರತ್ತನ್ನು ನಿಕಾಹ್‌ನಾಮಾದಲ್ಲಿ ಬರೆಸಿ.

ಆ ತಂದೆಯನ್ನು ನಾವು ಮೂರು ಪ್ರಶ್ನೆ ಕೇಳಿದೆವು. ಈ ಹಣ ಇಲ್ಲದಿದ್ದರೂ ಈಗಲೇ ಈ ಶಾದಿ ಮಾಡುತ್ತಿದ್ದಿರಾ? ಹುಡುಗ ನಫಕಾ ಹೊರಬಲ್ಲನೇ? ಮಗಳ ಒಪ್ಪಿಗೆ ಕೇಳಿದ್ದೀರಾ? ಮೊದಲೆರಡಕ್ಕೆ ಅವರು "ಇಲ್ರಿ" ಎಂದರು. ಮೂರನೆಯದಕ್ಕೆ ಸುಮ್ಮನಾದರು. ಸ್ವಲ್ಪ ಹೊತ್ತಿನ ಮೇಲೆ, "ಪರೀಕ್ಷೆ ಮುಗೀಲಿ, ಅಕೀನ್ನ ಕೂಡಿಸ್ಕೊಂಡು ಕೇಳತೀನ್ರಿ" ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಕನ್ಯೆಯ ಒಪ್ಪಿಗೆ ಕೇಳಬೇಕೆಂಬುದು ಪ್ರವಾದಿ(ಸ)ರ ಆದೇಶ. ಪ್ರತಿ ಮನೆಯಲ್ಲೂ ಶಾದಿಯ ಮಾತು ಆ ಪ್ರಶ್ನೆಯಿಂದಲೇ ಆರಂಭವಾಗಲಿ.

ಅಲ್ಲಾಹನು ನಮ್ಮ ಮಕ್ಕಳ ಇಲ್ಮ್‌ನಲ್ಲೂ ನಿಕಾಹ್‌ನಲ್ಲೂ ಬರಕತ್ ಕರುಣಿಸಲಿ. ಆಮೀನ್.