ನೆಟ್ ಹೋದರೂ ಮೇಲ್ ಓದಿ

ಮಗ ವಿದೇಶದಲ್ಲಿ, ಮಗಳು ಹಾಸ್ಟೆಲ್‌ನಲ್ಲಿ, ಅಪ್ಪ-ಅಮ್ಮ ಊರಿನಲ್ಲಿ. ನಿಮ್ಮ ಮನೆಯ ಕಥೆಯೂ ಇದೇನಾ? ಹಾಗಿದ್ದರೆ ವಿಮೆ ಪಾಲಿಸಿ, ಬ್ಯಾಂಕ್ ಸ್ಟೇಟ್‌ಮೆಂಟು, ಮೊಮ್ಮಗುವಿನ ನಾಮಕರಣದ ಫೋಟೋ ಎಲ್ಲ ನಿಮ್ಮ ಇ-ಮೇಲ್‌ನಲ್ಲೇ ಇರುತ್ತವೆ. ಮೊಬೈಲಿನಲ್ಲಿ ನೋಡಿದರೆ ಸಾಲದೇ ಅಂತೀರಾ? ಸಾಲುತ್ತೆ, ನೆಟ್‌ವರ್ಕ್ ಇರುವ ತನಕ.

ನನ್ನ ತವರು ಕೊಪ್ಪ ತಾಲ್ಲೂಕಿನ ನಾರ್ವೆ. ಆಷಾಢದ ಮಳೆ ಹಿಡಿಯಿತೆಂದರೆ ಲೈನ್ ಮೇಲೆ ಮರ ಬಿದ್ದು ಕರೆಂಟು ಹೋಗುತ್ತೆ, ಅದರ ಹಿಂದೆಯೇ ಸಿಗ್ನಲ್ಲೂ. ಅಪ್ಪನಿಗೆ ಬ್ಯಾಂಕಿನ ಕಾಗದ ನೆನಪಾಗುವುದೂ ಅಂಥ ದಿನವೇ! ಲ್ಯಾಪ್‌ಟಾಪಿನಲ್ಲಿ ಒಂದು ಮೇಲ್ ಪ್ರೋಗ್ರಾಂ ಹಾಕಿಟ್ಟುಕೊಂಡರೆ ಬ್ಯಾಟರಿ ಇರುವಷ್ಟು ಹೊತ್ತು ಹಳೆಯ ಮೇಲ್‌ಗಳನ್ನೆಲ್ಲ ಓದಬಹುದು.

ಹಿಂದೆ ವಿಂಡೋಸ್ ಎಕ್ಸ್‌ಪಿ ಜೊತೆಗೆ ಔಟ್‌ಲುಕ್ ಎಕ್ಸ್‌ಪ್ರೆಸ್ ಬರುತ್ತಿತ್ತು, ನೆನಪಿದೆಯಾ? ಅದರ ಕಾಲ ಮುಗಿಯಿತು. ಮನೆಬಳಕೆಗೆ ನಾನು ಹೇಳುವುದು ಥಂಡರ್‌ಬರ್ಡ್. 2004ರಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಬಂತು, ಇವತ್ತಿಗೂ ಉಚಿತ. ಥಂಡರ್‌ಬರ್ಡ್ ಡಾಟ್ ನೆಟ್ ತಾಣದಿಂದಲೇ ಇಳಿಸಿಕೊಳ್ಳಿ.

ತೆರೆದ ಕೂಡಲೇ ಅದು ನಿಮ್ಮ ಹೆಸರು, ಇ-ಮೇಲ್ ವಿಳಾಸ ಕೇಳುತ್ತೆ. ಜಿಮೇಲ್ ಆದರೆ ಉಳಿದದ್ದನ್ನು ತಾನೇ ಹುಡುಕಿಕೊಳ್ಳುತ್ತೆ. ಹುಡುಕದಿದ್ದರೆ ಗಾಬರಿ ಬೇಡ. ಮೇಲ್ ಬರುವ ದಾರಿಗೆ ಐಮ್ಯಾಪ್ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 993; ಹೋಗುವ ದಾರಿಗೆ ಎಸ್‌ಎಂಟಿಪಿ ಡಾಟ್ ಜಿಮೇಲ್ ಡಾಟ್ ಕಾಮ್, ಪೋರ್ಟ್ 465. ಎರಡಕ್ಕೂ ಎಸ್‌ಎಸ್‌ಎಲ್ ಆರಿಸಿ. (ಇಂಗ್ಲಿಷಿನಲ್ಲಿ ಟೈಪ್ ಮಾಡಬೇಕು ಅನ್ನೋದು ನಿಮಗೆ ಗೊತ್ತೇ ಇದೆ.) ಆಮೇಲೆ ಗೂಗಲ್‌ನದೇ ಲಾಗಿನ್ ಕಿಟಕಿ ತೆರೆದುಕೊಳ್ಳುತ್ತೆ, ಪಾಸ್‌ವರ್ಡ್ ಕೊಟ್ಟು ಅನುಮತಿ ಒತ್ತಿ. ಹಳೆಯ ಪ್ರೋಗ್ರಾಂಗಳಲ್ಲಿ ಬರೀ ಪಾಸ್‌ವರ್ಡ್ ಹಾಕಿದರೆ ಸಾಕಿತ್ತು. ವೈಯಕ್ತಿಕ ಖಾತೆಗಳಿಗೆ ಆ ಸೌಲಭ್ಯವನ್ನು ಗೂಗಲ್ 2022ರಲ್ಲಿ ನಿಲ್ಲಿಸಿತು. ಪಕ್ಕದ್ಮನೆ ಹುಡುಗನನ್ನು ಸಹಾಯಕ್ಕೆ ಕರೆಯಿರಿ, ಆದರೆ ಪಾಸ್‌ವರ್ಡ್ ಮಾತ್ರ ನೀವೇ ಟೈಪ್ ಮಾಡಿ.

ನಡುವೆ ಐಮ್ಯಾಪ್ ಬೇಕೋ ಪಾಪ್ ಬೇಕೋ ಎಂಬ ಪ್ರಶ್ನೆ ಬರುತ್ತೆ. ಐಮ್ಯಾಪ್ ಎಂದರೆ ಮೊಬೈಲು, ಕಂಪ್ಯೂಟರು ಎರಡೂ ಕಡೆ ಒಂದೇ ಡಬ್ಬಿ. ಪಾಪ್ ಎಂದರೆ ಮೇಲ್‌ಗಳನ್ನು ಈ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು. ನಿಮಗೆ ಐಮ್ಯಾಪೇ ಸರಿ. ಆದರೆ ಒಂದು ಎಚ್ಚರ: ಇಲ್ಲಿ ಜಾಗ ಖಾಲಿ ಮಾಡೋಣ ಎಂದು ಡಿಲೀಟ್ ಒತ್ತಿದರೆ ಮೊಬೈಲಿನಿಂದಲೂ ಹೋಯಿತು ಅಂತಲೇ ತಿಳಿಯಿರಿ. ಜಿಮೇಲ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತೆ, ಆಮೇಲೆ ದೇವರೇ ಗತಿ. ಮೊಮ್ಮಗುವಿನ ಫೋಟೋ, ಪಾಲಿಸಿ ಮುಂತಾದವನ್ನು ರೈಟ್ ಕ್ಲಿಕ್ ಮಾಡಿ ಲೋಕಲ್ ಫೋಲ್ಡರ್ಸ್‌ಗೆ ಕಾಪಿ ಮಾಡಿಡಿ, ಪೆನ್‌ಡ್ರೈವ್‌ನಲ್ಲೂ ಒಂದು ಪ್ರತಿ ಇರಲಿ.

ಕರೆಂಟಿಲ್ಲದ ಸಂಜೆ ಉತ್ತರವನ್ನೂ ಬರೆಯಬಹುದು. ಫೈಲ್ ಮೆನುವಿನಲ್ಲಿ ಸೆಂಡ್ ಲೇಟರ್ ಒತ್ತಿದರೆ ಕಾಗದ ಔಟ್‌ಬಾಕ್ಸ್‌ನಲ್ಲಿ ಕಾಯುತ್ತೆ. ನೆಟ್ ಬಂದ ಮೇಲೆ ಅಲ್ಲಿಂದ ಕಳಿಸಿದರಾಯಿತು.

ಮೊದಲ ಸಲ ಎಲ್ಲ ಮೇಲ್ ಇಳಿಯಲು ಗಂಟೆಗಟ್ಟಲೆ ಬೇಕಾದೀತು. ಊರಿಗೆ ಹೊರಡುವ ಎರಡು ದಿನ ಮೊದಲೇ ಈ ಕೆಲಸ ಮುಗಿಸಿ, ವೈಫೈ ಆರಿಸಿ, ಫೋಟೋ ಇರುವ ಹಳೆಯ ಮೇಲ್ ಒಂದನ್ನು ತೆರೆದು ನೋಡಿ. ತೆರೆದರೆ ಬ್ಯಾಗ್ ಕಟ್ಟಿ.