ಹೆಳವರ ಹೊತ್ತಿಗೆಯಿಂದ ಎಂಜಲಿನ ನಳಿಕೆಯವರೆಗೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯೂ ಸೇರಿದಂತೆ ಉತ್ತರ ಕರ್ನಾಟಕದಲ್ಲಿ ಮನೆತನಗಳ ಹಿಂದಿನ ತಲೆಮಾರುಗಳ ಹೆಸರು, ಮೂಲ ಊರು ಮತ್ತು ಬೆಡಗನ್ನು, ಅಂದರೆ ತನ್ನೊಳಗೆ ಮದುವೆ ನಡೆಯಬಾರದ ವಂಶಶಾಖೆಯನ್ನು, ಬರೆದಿಟ್ಟು ಕಾಪಾಡುವ ಕೆಲಸ ಬಹುಕಾಲದಿಂದ ಹೆಳವರದಾಗಿತ್ತು. ಊರಿಂದೂರಿಗೆ ಸಂಚರಿಸುವ ಈ ಸಮುದಾಯದವರು ಕೆಲವು ವರ್ಷಗಳಿಗೊಮ್ಮೆ ತಮ್ಮ ಪಾಲಿನ ಮನೆಗಳಿಗೆ ಬಂದು, ವಂಶಾವಳಿಯನ್ನು ಹಾಡಿ ಹೊಗಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಹೊತ್ತಿಗೆಗೆ ಸೇರಿಸಿಕೊಂಡು, ಕಾಳುಕಡಿಯನ್ನೋ ಬಟ್ಟೆಯನ್ನೋ ಕಾಣಿಕೆಯಾಗಿ ಪಡೆದು ಮುಂದೆ ಸಾಗುತ್ತಿದ್ದರು. ಆ ದಾಖಲೆ ಗಂಡುಸಂತಾನದ ಸಾಲನ್ನೇ ಹಿಡಿದು ನಡೆಯುತ್ತಿದ್ದುದರಿಂದ ಹೆಣ್ಣುಮಕ್ಕಳ ಪಾಲಿಗೆ ಅಪೂರ್ಣವಾಗಿತ್ತು ಎಂಬುದು ನಿಜ. ಆದರೆ ಬರೆದವರು ಯಾರು, ಹೊತ್ತಿಗೆ ಯಾರ ಬಳಿ ಇದೆ ಎಂಬುದು ಮನೆಯವರಿಗೆ ಗೊತ್ತಿತ್ತು, ಏನನ್ನು ಬರೆಸಬೇಕು ಎಂಬ ತೀರ್ಮಾನವೂ ಹಿರಿಯರ ಕೈಯಲ್ಲಿತ್ತು.

ಪೂರ್ವಿಕರ ಗುರುತನ್ನು ದೇಹದಿಂದಲೇ ಓದಿ ಹೇಳುವ ವ್ಯಾಪಾರ ಬೆಳೆದದ್ದು ಈ ಶತಮಾನದಲ್ಲಿ. ಮನುಷ್ಯನ ಬಹುತೇಕ ಜೀವಕೋಶಗಳಲ್ಲಿರುವ 23 ಜೊತೆ ವರ್ಣತಂತುಗಳನ್ನು ಹೆಸರಿನಲ್ಲೇ ಹೊತ್ತ ಅಮೆರಿಕದ ‘ಟ್ವೆಂಟಿಥ್ರೀ ಆ್ಯಂಡ್ ಮಿ’ ಸಂಸ್ಥೆ 2007ರಲ್ಲಿ ಮನೆಯಲ್ಲೇ ಬಳಸಬಹುದಾದ ಕಿಟ್ ಮಾರಲು ಆರಂಭಿಸಿತು. ಭಾರತದಲ್ಲಿ ಹೈದರಾಬಾದಿನ ಮ್ಯಾಪ್‌ಮೈಜೀನೋಮ್‌ನಂತಹ ಸಂಸ್ಥೆಗಳು ಇದೇ ಬಗೆಯ ಪರೀಕ್ಷೆಗಳನ್ನು ಗ್ರಾಹಕರ ಮನೆಬಾಗಿಲಿಗೆ ತಂದವು. ನಳಿಕೆಯಲ್ಲಿ ತುಂಬಿ ಕಳಿಸಿದ ಎಂಜಲಿನಿಂದ ಡಿಎನ್‌ಎಯನ್ನು ಬೇರ್ಪಡಿಸುವ ಪ್ರಯೋಗಾಲಯವು ಅದರ ಸುಮಾರು 300 ಕೋಟಿ ಅಕ್ಷರಗಳ ಪೈಕಿ ಜನರಿಂದ ಜನರಿಗೆ ವ್ಯತ್ಯಾಸವಾಗುವ ಕೆಲವು ಲಕ್ಷ ಸ್ಥಾನಗಳನ್ನು ಮಾತ್ರ ಓದಿ, ಅವನ್ನು ತನ್ನ ಸಂಗ್ರಹದಲ್ಲಿರುವ ಇತರರ ಮಾದರಿಗಳೊಂದಿಗೆ ಹೋಲಿಸಿ, ಮೂಲ ಪ್ರದೇಶವನ್ನು ಅಂದಾಜಿಸುತ್ತದೆ ಮತ್ತು ಸಂಗ್ರಹದಲ್ಲಿರುವ ರಕ್ತಸಂಬಂಧಿಗಳನ್ನು ಪತ್ತೆ ಮಾಡುತ್ತದೆ. ಹೆಚ್ಚು ಮಾದರಿಗಳು ಸೇರಿದಷ್ಟೂ ಉತ್ತರ ನಿಖರವಾಗುವುದರಿಂದ, ಸಂಗ್ರಹವನ್ನು ಹಿಗ್ಗಿಸುತ್ತ ಹೋಗುವುದು ಈ ವ್ಯಾಪಾರದ ಸ್ವಭಾವದಲ್ಲೇ ಇದೆ.

ಖಾಸಗಿತನದ ಆತಂಕ ಸ್ಪಷ್ಟ ರೂಪ ಪಡೆದದ್ದು 2018ರಲ್ಲಿ. ಆ ವರ್ಷದ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಪೊಲೀಸರು ದಶಕಗಳ ಹಿಂದಿನ ಸರಣಿ ಕೊಲೆಗಳ ಆರೋಪಿಯನ್ನು ಹಿಡಿದದ್ದು ಜೆಡ್‌ಮ್ಯಾಚ್ ಎಂಬ ವಂಶಾವಳಿ ಸಂಗ್ರಹದಲ್ಲಿದ್ದ ಅವನ ದೂರದ ಸಂಬಂಧಿಕರ ಮೂಲಕ. ಅವನು ತಾನಾಗಿ ಯಾವ ಮಾದರಿಯನ್ನೂ ಅಲ್ಲಿಗೆ ಕೊಟ್ಟಿರಲಿಲ್ಲ. ಅದೇ ವರ್ಷ ವಿಜ್ಞಾನಿ ಯಾನಿವ್ ಅರ್ಲಿಕ್ ಮತ್ತು ಸಂಗಡಿಗರು ಸುಮಾರು 12.8 ಲಕ್ಷ ಜನರ ದತ್ತಾಂಶವನ್ನು ಪರಿಶೀಲಿಸಿ, ಯುರೋಪ್ ಮೂಲದ ಅಮೆರಿಕನ್ನರಲ್ಲಿ ಶೇ 60ರಷ್ಟು ಜನರಿಗೆ ಮೂರನೆಯ ಹಂತದ ಅಥವಾ ಅದಕ್ಕಿಂತ ಹತ್ತಿರದ ದಾಯಾದಿಯೊಬ್ಬರು ಇಂಥ ಸಂಗ್ರಹದಲ್ಲಿ ಸಿಗುತ್ತಾರೆಂದು ತೋರಿಸಿದರು. 2023ರಲ್ಲಿ ಟ್ವೆಂಟಿಥ್ರೀ ಆ್ಯಂಡ್ ಮಿ ಸಂಸ್ಥೆಯ ಸುಮಾರು 14,000 ಖಾತೆಗಳಿಗೆ ಕನ್ನ ಹಾಕಿದವರಿಗೆ ಸಂಬಂಧಿಕರನ್ನು ಹುಡುಕುವ ಸೌಲಭ್ಯದ ಮೂಲಕ ಸುಮಾರು 69 ಲಕ್ಷ ಜನರ ವಿವರ ದೊರೆತು, ಯಹೂದಿ ಮತ್ತು ಚೀನೀ ಮೂಲದವರ ಪಟ್ಟಿಗಳು ಪ್ರತ್ಯೇಕವಾಗಿ ಮಾರಾಟಕ್ಕೆ ಬಂದವು. 2025ರ ಮಾರ್ಚ್‌ನಲ್ಲಿ ಸಂಸ್ಥೆ ದಿವಾಳಿ ಅರ್ಜಿ ಸಲ್ಲಿಸಿದಾಗ, ಸುಮಾರು 1.5 ಕೋಟಿ ಗ್ರಾಹಕರ ವಂಶವಾಹಿ ಮಾಹಿತಿಯೂ ಹರಾಜಿಗಿಟ್ಟ ಆಸ್ತಿಯ ಭಾಗವಾಯಿತು. ಕೊನೆಗೆ ಸಂಸ್ಥಾಪಕಿಯೇ ಕಟ್ಟಿದ ಲಾಭರಹಿತ ಸಂಸ್ಥೆ ಅದನ್ನು ಕೊಂಡಿತು.

ಈ ಘಟನೆಗಳು ಅಮೆರಿಕದವಾದರೂ ಅವುಗಳ ಪಾಠ ಕರ್ನಾಟಕಕ್ಕೆ ಇನ್ನೂ ಬಿಗಿಯಾಗಿ ಅನ್ವಯಿಸುತ್ತದೆ. 1980ರ ದಶಕದಲ್ಲಿ ರಾಜ್ಯದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ದಂಪತಿಗಳನ್ನು ಕುರಿತು ನಡೆದ ಅಧ್ಯಯನದಲ್ಲಿ ಸುಮಾರು ಮೂರನೆಯ ಒಂದು ಭಾಗ ಮದುವೆಗಳು ರಕ್ತಸಂಬಂಧದೊಳಗಿನವೆಂದು ಕಂಡುಬಂದಿತ್ತು. ಸೋದರಮಾವನಿಗೂ ಸೋದರಸೊಸೆಗೂ ಸರಾಸರಿ ಕಾಲು ಭಾಗದಷ್ಟು ಡಿಎನ್‌ಎ ಸಮಾನವಾಗಿರುವಾಗ, ತಲೆಮಾರುಗಳಿಂದ ಸೋದರಿಕೆಯಲ್ಲೇ ಹೆಣ್ಣು ಕೊಟ್ಟು ತಂದ ಮನೆತನಗಳಲ್ಲಿ ಈ ಹಂಚಿಕೆ ಮತ್ತಷ್ಟು ದಟ್ಟವಾಗುತ್ತದೆ. ಕುಷ್ಟಗಿ ಅಥವಾ ಯಲಬುರ್ಗಾದಿಂದ ಬೆಂಗಳೂರಿಗೆ ಹೋಗಿ ನೆಲೆಸಿದ ಒಬ್ಬ ಯುವಕ ಕುತೂಹಲಕ್ಕೆಂದು ಕಳಿಸಿದ ಮಾದರಿಯು ಊರಿನಲ್ಲಿರುವ, ಆ ಪರೀಕ್ಷೆಯ ಹೆಸರನ್ನೇ ಕೇಳಿರದ ಹತ್ತಾರು ಬಂಧುಗಳ ಆನುವಂಶಿಕ ರೋಗಗಳ ಸಾಧ್ಯತೆಯನ್ನೂ ಜಾತಿ ಸಮುದಾಯದ ಗುರುತನ್ನೂ ಸೂಚಿಸಬಲ್ಲದು.

ಕಾನೂನಿನ ದಾರಿ ಶುರುವಾದದ್ದು ಕನ್ನಡಿಗರಿಂದಲೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿಯೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರುವುದಕ್ಕೆ ಕಾರಣವಾಯಿತು. ಬೆಂಗಳೂರಿನಲ್ಲಿ ಹುಟ್ಟಿದ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ನೇತೃತ್ವದ ಸಮಿತಿ ದತ್ತಾಂಶ ಸಂರಕ್ಷಣಾ ಕಾಯ್ದೆಗಾಗಿ ರೂಪಿಸಿದ 2018ರ ಕರಡಿನಲ್ಲಿ ವಂಶವಾಹಿ ಮಾಹಿತಿಯನ್ನು ‘ಸೂಕ್ಷ್ಮ’ ವರ್ಗಕ್ಕೆ ಸೇರಿಸಿ ಹೆಚ್ಚಿನ ರಕ್ಷಣೆ ಸೂಚಿಸಿತ್ತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಆ ವರ್ಗವೇ ಇಲ್ಲ. ಒಪ್ಪಿಗೆ ಹಿಂಪಡೆಯುವ ಮತ್ತು ದತ್ತಾಂಶ ಅಳಿಸುವಂತೆ ಕೇಳುವ ಹಕ್ಕನ್ನು ಈ ಕಾಯ್ದೆ ಕೊಡುತ್ತದಾದರೂ ಅದು ವ್ಯಕ್ತಿಯೊಬ್ಬರ ಹಕ್ಕು. ಅದೇ ಮಾಹಿತಿಯಲ್ಲಿ ಪಾಲಿರುವ ತಂಗಿ, ಸೋದರಮಾವ, ಮೊಮ್ಮಕ್ಕಳಿಗೆ ಅಲ್ಲಿ ದನಿಯಿಲ್ಲ.

ಖಾಸಗಿತನವೆಂದರೆ ಎಲ್ಲವನ್ನೂ ಮುಚ್ಚಿಡುವುದಲ್ಲ ಎಂಬುದಕ್ಕೆ ದೇವದಾಸಿ ಪದ್ಧತಿಯಿಂದ ನೊಂದ ಜಿಲ್ಲೆಗಳಲ್ಲಿ ಒಂದಾದ ಕೊಪ್ಪಳವೇ ಸಾಕ್ಷಿ. ಹೆಣ್ಣುಮಕ್ಕಳನ್ನು ದೇವರಿಗೆ ಸಮರ್ಪಿಸುವುದನ್ನು 1982ರ ಕಾಯ್ದೆ ನಿಷೇಧಿಸಿದ ಬಳಿಕವೂ ತಂದೆಯ ಹೆಸರಿಲ್ಲದೆ ಬೆಳೆದ ಮಕ್ಕಳ ಅಳಲು ಉಳಿದಿತ್ತು. ತಂದೆಯನ್ನು ಗುರುತಿಸಿಕೊಳ್ಳುವ ಹಕ್ಕನ್ನು ಅವರಿಗೆ ನೀಡುವ ಮಸೂದೆಗೆ ರಾಜ್ಯದ ವಿಧಾನಮಂಡಲ 2025ರಲ್ಲಿ ಒಪ್ಪಿಗೆ ಕೊಟ್ಟಿತು. ಇನ್ನೊಂದೆಡೆ, 2023ರ ಫೆಬ್ರವರಿಯಲ್ಲಿ ನ್ಯಾಯಮೂರ್ತಿಗಳಾದ ವಿ. ರಾಮಸುಬ್ರಮಣಿಯನ್ ಮತ್ತು ಬಿ.ವಿ. ನಾಗರತ್ನ ಅವರ ಸುಪ್ರೀಂ ಕೋರ್ಟ್ ಪೀಠವು ದಾಂಪತ್ಯದ ಜಗಳಗಳಲ್ಲಿ ಮಕ್ಕಳ ಡಿಎನ್‌ಎ ಪರೀಕ್ಷೆಗೆ ವಾಡಿಕೆಯಂತೆ ಆದೇಶಿಸಬಾರದೆಂದು ಹೇಳಿ, ವಂಶವಾಹಿ ಮಾಹಿತಿಯನ್ನು ಮಗುವಿನ ಖಾಸಗಿತನದ ಭಾಗವೆಂದು ಎತ್ತಿಹಿಡಿಯಿತು. ಎರಡರಲ್ಲೂ ಕಾಣುವ ನ್ಯಾಯ ಒಂದೇ: ಹುಟ್ಟಿನ ಸತ್ಯವನ್ನು ತಿಳಿಯಬೇಕೇ ಬೇಡವೇ ಎಂಬುದನ್ನು ಅದರಿಂದ ಬದುಕು ಬದಲಾಗುವವರ ಹಿತ ನೋಡಿ, ನಿರ್ದಿಷ್ಟ ಉದ್ದೇಶಕ್ಕಾಗಿ, ಉತ್ತರದಾಯಿತ್ವವಿರುವ ವ್ಯವಸ್ಥೆಯ ಮುಂದೆ ನಿರ್ಧರಿಸಬೇಕು. ಮಾರಾಟದ ಕಿಟ್‌ಗೆ ಈ ಮೂರೂ ಕಟ್ಟುಪಾಡುಗಳಿಲ್ಲ.

ಆದ್ದರಿಂದ ವಂಶವಾಹಿ ಮಾಹಿತಿಗೆ ಕಾಯ್ದೆಯಲ್ಲಿ ಪ್ರತ್ಯೇಕ ವರ್ಗವೊಂದು ಮರಳಿ ಬರಬೇಕು, ಸಂಸ್ಥೆ ಕೈಬದಲಾದರೆ ಹೊಸದಾಗಿ ಒಪ್ಪಿಗೆ ಪಡೆಯುವುದು ಕಡ್ಡಾಯವಾಗಬೇಕು, ಪರೀಕ್ಷೆ ಮುಗಿದ ಎಂಜಲಿನ ಮಾದರಿ ನಾಶವಾಗಬೇಕು. ಅಲ್ಲಿಯವರೆಗೆ, ಕಿಟ್ ತರಿಸಲು ಬಯಸುವವರು ತಮ್ಮ ರಕ್ತ ಹಂಚಿಕೊಂಡವರನ್ನು ಮೊದಲು ಕೇಳುವುದು, ಅವರು ಬೇಡವೆಂದರೆ ಆ ಮಾತಿಗೆ ಬೆಲೆ ಕೊಡುವುದು ಕಾನೂನು ಇನ್ನೂ ವಿಧಿಸಿರದ, ಆದರೆ ಬಳಗದೊಳಗೆ ಬದುಕುವ ಯಾರಿಗೂ ಅರ್ಥವಾಗುವ ಕರ್ತವ್ಯ.